ಪೆಟ್ಲುಪ್ಪು

ರಾತ್ರಿ ಮೂರು ಗಂಟೆ. ಅಟಕಾಮಾ ಮರುಭೂಮಿ.
ಯಸ್ನಾಳ ಪರದೆಯ ಮೇಲೆ ಎರಡು ತೊಟ್ಟಿ, ಎರಡು ಅಂಕಿ:
ಬಿಸಿಯದು ಐನೂರ ಅರವತ್ತೆರಡು,
ತಣ್ಣನೆಯದು ಇನ್ನೂರ ತೊಂಬತ್ತು.
ಇನ್ನೂರ ತೊಂಬತ್ತು ಡಿಗ್ರಿಗೆ ತಣ್ಣಗೆ ಅನ್ನುವವರು
ಇವರಷ್ಟೇ ಇರಬೇಕು.

ಹೊರಗೆ ಹತ್ತು ಸಾವಿರ ಕನ್ನಡಿ
ಅಂಗಾತ ಮಲಗಿವೆ.
ನಕ್ಷತ್ರ ಬಿದ್ದರೆ ಬೀಳಲಿ, ಅವಕ್ಕೆ ಲೆಕ್ಕವಿಲ್ಲ.
ಬೆಳಗಾದರೆ ಒಂದೊಂದೇ ಕತ್ತೆತ್ತಿ
ಸೂರ್ಯನ ಕಡೆಗೂ ಅಲ್ಲ, ಗೋಪುರದ ಕಡೆಗೂ ಅಲ್ಲ,
ನಡುವೆ ಎಲ್ಲೋ ನೋಡುತ್ತ
ಸಿಕ್ಕಿದ್ದನ್ನೆಲ್ಲ ಗೋಪುರದ ನೆತ್ತಿಗೆ ಎಸೆಯುತ್ತವೆ.
ಅಲ್ಲಿ ಕೊಳವೆಯೊಳಗೆ ಹರಿಯುವುದು ನೀರಲ್ಲ,
ಕರಗಿದ ಉಪ್ಪು.

ಕಾದ ಉಪ್ಪು ಕೆಳಗಿಳಿದು
ತೊಟ್ಟಿಯಲ್ಲಿ ಕಾದು ಕೂರುತ್ತದೆ.
ಊರು ದೀಪ ಹಾಕುವ ಹೊತ್ತಿಗೆ
ಅದನ್ನು ನೀರಿನ ಮಗ್ಗುಲಲ್ಲಿ ಹರಿಸುತ್ತಾರೆ;
ನೀರು ಹಬೆ, ಹಬೆ ಚಕ್ರ, ಚಕ್ರ ಕರೆಂಟು.
ಮಧ್ಯಾಹ್ನದ ಬಿಸಿಲು ಮಧ್ಯರಾತ್ರಿಯ ತಂತಿಯಲ್ಲಿ.

ಯಸ್ನಾಳ ಪಾಳಿ ಅಂದರೆ ಇಷ್ಟೇ:
ಉಪ್ಪು ಹೆಪ್ಪುಗಟ್ಟದಂತೆ ನೋಡುವುದು.
ಹೆಪ್ಪಾದರೆ ಕೊಳವೆಯೇ ಕಲ್ಲು.
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ
ಗಳಿಗೆಗೊಮ್ಮೆ ಅಂಕಿ ಮುಟ್ಟುತ್ತಾಳೆ.

ತಾತ ಕ್ಲೋದೊಮಿರೊ ಈ ಉಪ್ಪನ್ನೇ ಅಗೆದವನು.
ಅವನಪ್ಪನ ಕೂಲಿ, ಕಂಪನಿ ಅಂಗಡಿಯಾಚೆ
ನಡೆಯದ ಬಿಲ್ಲೆ;
ಇವನದು ಕಾಸು, ಮತ್ತು ಕೆಮ್ಮು.
ಮೂಟೆ ಮೂಟೆ ಹಡಗು ಹತ್ತಿತು ಪೆಟ್ಲುಪ್ಪು,
ಒಂದಿಷ್ಟು ಗೋಧಿ ಹೊಲಕ್ಕೆ,
ಒಂದಿಷ್ಟು ಮದ್ದುಗುಂಡಿಗೆ.
ಎರಡರಿಂದಲೂ ಅವನಿಗೆ ಕಾಗದ ಬರಲಿಲ್ಲ.
ಆಮೇಲೊಂದು ದಿನ ಬೀಗ.
ಬಾಗಿಲು, ತಗಡು, ಶಾಲೆಯ ಗಂಟೆ
ಲಾರಿ ಏರಿ ಹೋದವು.

"ಈಗ ಎಲ್ಲಿಗೆ ಹೋಗುತ್ತೆ ಉಪ್ಪು?"
"ಎಲ್ಲಿಗೂ ಇಲ್ಲ ತಾತ. ಈ ತೊಟ್ಟಿಯಿಂದ ಆ ತೊಟ್ಟಿಗೆ,
ಆ ತೊಟ್ಟಿಯಿಂದ ಈ ತೊಟ್ಟಿಗೆ."
"ಎಷ್ಟು ವರ್ಷ?"
"ಮೂವತ್ತು ಅಂತಾರೆ."
ಅವನು ನಕ್ಕ, ಕೆಮ್ಮಿದ,
ಯಾವುದು ಯಾವುದೋ ತಿಳಿಯಲಿಲ್ಲ.
"ಹಾಗಾದರೆ ನಿನ್ನ ಹತ್ತಿರ ನಿಂತಿತು ಅನ್ನು."

ತಲೆಯ ಮೇಲಿನ ಬಲ್ಬು ತೋರಿಸಿದ:
"ಇದು ನಿಮ್ಮದೇನಾ?"
"ತಂತಿಯೊಳಗೆ ಯಾರದ್ದು ಅಂತ ಆರಿಸೋಕಾಗಲ್ಲ.
ಹೆಚ್ಚಿನದು ತಾಮ್ರದ ಗಣಿಗೆ."
"ಗಣಿಗೆ," ಅಂದ. "ಗೊತ್ತಿತ್ತು."

ಪಾಳಿ ಮುಗಿದ ಈ ಬೆಳಿಗ್ಗೆ
ವಾಲ್ವಿನ ಕೆಳಗೆ ಸೋರಿ ಗಟ್ಟಿಯಾದ ಒಂದು ಚೂರನ್ನು
ಕೈಗವಸಿನೊಳಗಿಟ್ಟು ತಂದಳು.
ಉಪ್ಪು ಮುಟ್ಟಬೇಡ ಎಂದಿದ್ದಾರೆ ಡಾಕ್ಟರು ಅವನಿಗೆ.
ಮುಟ್ಟಿದ.
ಹತ್ತಿಯ ಬತ್ತಿ ಹೊತ್ತಿಸಿ, ಊದಿ ಆರಿಸಿ,
ಕೆಂಡವಾದ ತುದಿಗೆ ಉಗುರಂಚಿನ ಪುಡಿ ಉದುರಿಸಿದ,
ಆಗ ಬಯಲಿನಲ್ಲಿ ಮಾಲು ಪರೀಕ್ಷಿಸುತ್ತಿದ್ದಂತೆ.

ಚಟಚಟ. ಹಳದಿ.

"ಒಳ್ಳೆ ಮಾಲು," ಅಂದ.
ಎದ್ದು ಹೋಗಿ ಕಿಟಕಿಯ ಪರದೆ ಎಳೆದ,
ಹೊರಗಿನ ಬಿಸಿಲಿಗೆ
ಅವಳ ನಿದ್ದೆ ಕೆಡದಂತೆ.