ಹಿಡಿಯಕ್ಕಿ

ಎಸರಿಗೆ ಸುರಿಯುವ ಮುನ್ನ ಒಂದು ಹಿಡಿ.
ಅದು ನಮ್ಮದಲ್ಲ, ದೇವರದು.
ಚಂಫಾಯ್ ಬೆಟ್ಟದ ಒಲೆ ಒಲೆಯ ಪಕ್ಕ
ಅದಕ್ಕೆಂದೇ ಒಂದು ಡಬ್ಬ.
ನನ್ನದು ಹಾಲಿನಪುಡಿಯದು;
ಮುಚ್ಚಳದ ಮೇಲೆ ನಗುವ ಮಗುವನ್ನು
ಅರ್ಧ ತುಕ್ಕು ತಿಂದಿದೆ.

ಅಜ್ಜಿ ಹೇಳುತ್ತಿದ್ದಳು:
ಉಂಡು ಉಳಿದದ್ದನ್ನು ಕೊಡುವುದಲ್ಲ,
ಕೊಟ್ಟು ಉಳಿದದ್ದನ್ನು ಉಣ್ಣುವುದು.

ಶನಿವಾರ ಮಧ್ಯಾಹ್ನ ಬಿಯಾಕ್‌ಮೋಯಿ ಬರುತ್ತಾಳೆ,
ಬೆನ್ನಿಗೆ ಬುಟ್ಟಿ, ಹಣೆಗೆ ಅದರ ಪಟ್ಟಿ,
ಕಂಕುಳಲ್ಲಿ ನೀಲಿ ರಟ್ಟಿನ ಲೆಕ್ಕದ ಪುಸ್ತಕ.
ಅಕ್ಕಿ ಸುರಿದುಕೊಂಡು, ಹೆಸರಿನೆದುರು ಗೀಟು ಹಾಕಿ,
ಚಹಾ ಕುಡಿದು, ಊರ ಸುದ್ದಿ ಹೇಳಿ,
ಇನ್ನೂ ಹನ್ನೊಂದು ಮನೆಯಿದೆ ಅಂತ ಎದ್ದು
ಮತ್ತೆ ಕೂರುತ್ತಾಳೆ.
ಇಪ್ಪತ್ತು ವರ್ಷ, ಹೀಗೇ.

ಆಮೇಲೆ ಆ ಬುಧವಾರ.
ಹೆಂಗಸರ ಪ್ರಾರ್ಥನಾ ಕೂಟದಲ್ಲಿ
ಕಣ್ಣು ಮುಚ್ಚಿ, ಕೈಯೆತ್ತಿ,
ನನ್ನ ಮಗನ ಹೆಸರು ಹೇಳಿದಳು.
ಹೆಸರಷ್ಟೇ ಅಲ್ಲ, ಅವನ ತೋಳಿನ ಸೂಜಿಗಾಯಗಳನ್ನೂ.
ನಡುರಾತ್ರಿ, ಅವಳೊಬ್ಬಳಿಗೇ,
ಇದೇ ಒಲೆಯ ಮುಂದೆ ನಾನು ಬಿಚ್ಚಿಟ್ಟದ್ದನ್ನು
ನಲವತ್ತು ಹೆಂಗಸರ ನಡುವೆ ದೇವರಿಗೆ ಹೇಳಿದಳು.
ಆಮೆನ್ ಎಂದವು ನಲವತ್ತು ಬಾಯಿ.
ಎದ್ದು ಬಂದೆ. ಮನೆ ಮುಟ್ಟಿದಾಗ
ಕಾಲಲ್ಲಿದ್ದದ್ದು ಯಾರದೋ ಚಪ್ಪಲಿ.

ದೇವರಿಗೆ ಗೊತ್ತಿಲ್ಲದ್ದೇನು ಹೇಳಿದಳು?
ಗೊತ್ತಿಲ್ಲದೆ ಇದ್ದದ್ದು ಊರಿಗೆ.

ಅಂದಿನಿಂದ ಡಬ್ಬ ಜಗಲಿಯ ಮೇಲೆ,
ನಾನು ಬಾಗಿಲ ಹಿಂದೆ.
ಆಮೇಲೆ ಡಬ್ಬವನ್ನೂ ಖಾಲಿ ಇಟ್ಟೆ.
ಅಳೆಯುವಾಗ ಕೈ ತಾನಾಗಿ ಒಂದು ಹಿಡಿ ಎತ್ತುತ್ತಿತ್ತು;
ತಿರುಗಿ ಪಾತ್ರೆಗೇ ಸುರಿದೆ.
ದಿನಾ ಅಷ್ಟು ಅನ್ನ ಮಿಕ್ಕಿತು.
ಹಂದಿ ಕೊಬ್ಬಿತು.

ಭಾನುವಾರ ಚರ್ಚಿನಲ್ಲಿ ಎಲ್ಲರೊಡನೆ
ಬಾಯಿಪಾಠದ ಪ್ರಾರ್ಥನೆ ಹೇಳುವಾಗ
ಕ್ಷಮೆಯ ಸಾಲು ಬಂತೆಂದರೆ ನನಗೆ ಕೆಮ್ಮು.
ವಾರವಾರವೂ ಅದೇ ಜಾಗದಲ್ಲಿ ಕೆಮ್ಮು.
ಪಾಸ್ಟರ ಹೆಂಡತಿ ಶುಂಠಿ ಕಳಿಸಿಕೊಟ್ಟರು.

ಶನಿವಾರ ಬಾಗಿಲ ಸಂದಿಯಿಂದ ನೋಡುತ್ತಿದ್ದೆ:
ಡಬ್ಬ ಎತ್ತುತ್ತಾಳೆ, ಅಲ್ಲಾಡಿಸುತ್ತಾಳೆ,
ಉಟ್ಟ ಪುವಾನಿನ ತುದಿಯಿಂದ ಒಳಗೆಲ್ಲ ಒರೆಸಿ
ಕವುಚಿಟ್ಟು ಹೋಗುತ್ತಾಳೆ.
ಕರೆಯಲಿಲ್ಲ ಒಂದು ದಿನವೂ.

ಜನವರಿಯಲ್ಲಿ ಹಿಂದಿನ ವರ್ಷದ ಲೆಕ್ಕ ಓದಿದರು
ಹೆಸರು ಹೆಸರಾಗಿ, ಮನೆ ಮನೆಯಾಗಿ.
ನನ್ನ ಸರದಿ ಬಂದಾಗ ತಲೆ ತಗ್ಗಿಸಿ
ಬೆಂಚಿನ ಮರದ ಗಂಟುಗಳನ್ನು ಎಣಿಸುತ್ತಿದ್ದೆ.
"ಥಾಂಗ್‌ಜುವಾಲಿ. ಐವತ್ತೆರಡು ವಾರ. ಪೂರ್ತಿ."

ಹತ್ತೊಂಬತ್ತು ವಾರ ನಾನು ಕೊಟ್ಟೇ ಇಲ್ಲ.
ಮುಂದಿನ ಸಾಲುಗಳಲ್ಲಿ ಅವಳ ಬೆನ್ನು ಹುಡುಕಿದೆ.
ಅದು ತಿರುಗಲಿಲ್ಲ.

ಸಂಜೆ ಅವಳ ಮನೆಗೆ ಇಳಿದೆ.
ಮಂಜು; ಟಾರ್ಚಿನ ಬೆಳಕು ಸಾಯುತ್ತಿತ್ತು.
ಏನೇನೋ ಮಾತು ಕಟ್ಟಿಕೊಂಡು ಹೋಗಿದ್ದೆ,
ಬಾಯಿಗೆ ಬಂದದ್ದು ಇಷ್ಟು:
"ದೇವರ ಪುಸ್ತಕದಲ್ಲಿ ಸುಳ್ಳು ಬರೆದೆ ನೀನು."
ಅಕ್ಕಿ ಅಳೆಯುತ್ತಿದ್ದವಳು ತಿರುಗದೆ ಅಂದಳು:
"ಹೊತ್ತಿಗೆ ಎರಡೆರಡು ಹಿಡಿ ತೆಗೆದೆ.
ನನ್ನ ಕೈ ನಿನ್ನದಕ್ಕಿಂತ ಚಿಕ್ಕದು,
ನಿನ್ನ ಪಾಲು ತುಸು ಕಡಿಮೆಯೇ ಬಿದ್ದಿದೆ."
ಮತ್ತೆ, ಬೆಂಕಿಗೆ ಹೇಳಿದ ಹಾಗೆ:
"ಆ ಬುಧವಾರ ಬಾಯಿ ದೊಡ್ಡದಾಯಿತು."

ಕ್ಷಮಿಸಿದೆ ಅಂತ ನಾನೇನೂ ಹೇಳಲಿಲ್ಲ.
ಇನ್ನೂ ಪೂರ್ತಿ ಆಗಿಲ್ಲ.
ಎರಡು ಹೊತ್ತು, ಎಸರಿನ ಮುಂದೆ,
ಇದ್ದಷ್ಟರಲ್ಲಿ ಒಂದು ಹಿಡಿ.
ಹಿಡಿದರೂ ಹಿಡಿ, ಬಿಟ್ಟರೂ ಹಿಡಿ;
ಇಷ್ಟು ವರ್ಷ ಅಳೆದ ಕೈಗೆ
ಅದು ಈಗೀಗ ತಿಳಿಯುತ್ತಿದೆ.
ಕೆಮ್ಮು ಕಡಿಮೆಯಾಗಿದೆ. ನಿಂತಿಲ್ಲ.

ಮೊನ್ನೆ ರಾತ್ರಿ ಮಗ ಎದ್ದು ಬಂದು
ಮಾತಿಲ್ಲದೆ ಅಕ್ಕಿಗೆ ಕೈ ಹಾಕಿದ,
ಒಂದು ಹಿಡಿ ತುಂಬಿ ಡಬ್ಬಕ್ಕೆ ಬಿಟ್ಟ.
ಕೈ ನಡುಗಿ ಅರ್ಧ ನೆಲಕ್ಕೆ.
ಬೆಳಗ್ಗೆ ಕೋಳಿ ಆರಿಸಿಕೊಂಡಿತು.

ನಾಳೆ ಶನಿವಾರ.
ಬಿಯಾಕ್‌ಮೋಯಿಗೆ ಇದನ್ನು ಹೇಳಲೋ ಬೇಡವೋ
ಇನ್ನೂ ಯೋಚಿಸುತ್ತಿದ್ದೇನೆ.
ಚಹಾಕ್ಕಂತೂ ಎರಡು ಲೋಟ ತೊಳೆದಿಟ್ಟಿದ್ದೇನೆ.