ಗಾಳಿ ಹಿಡದದ

ಮೂರು ದಿನ ಆಯ್ತು,
ಕಂಪ್ಯೂಟರಿನ ಹೊಟ್ಟ್ಯಾಗಿನ ಪಂಪು ಗೊರಗೊರ ಅನ್ಲತ್ತದ.
ಒಮ್ಮೆ ಸುಮ್ಮನಾಗತದ, ಮಾತು ಮರತವರಂಗ,
ನೆನಪಾಯ್ತೇನೋ, ಮತ್ತ ಕಟಕಟ.

ಬೀದರ, ಮಂಗಲಪೇಟ, ತಗಡಿನ ಕೋಣಿ, ಮೇ ತಿಂಗಳು.
ಬರೇ ಫ್ಯಾನಿನ ಗಾಳಿ ಸಾಲಲಿಲ್ಲಂತ
ನಾನೇ ಕೂತು ಜೋಡಿಸಿದ್ದು ಈ ನೀರಿನ ದಾರಿ:
ಗಾಜಿನ ಡಬ್ಬಿ, ಅದರ ಕೆಳಗ ಪಂಪು,
ಪ್ರೊಸೆಸರಿನ ನೆತ್ತಿಮ್ಯಾಲ ತಾಮ್ರದ ತುಂಡು,
ಮ್ಯಾಲ ರೇಡಿಯೇಟರು, ಅಲ್ಲಿಂದ ಮತ್ತ ಡಬ್ಬಿಗಿ.
ನೀರು ಶರಬತ್ತಿನಂಗ ಕೆಂಪು.
ಅಣ್ಣನ ಮಗಳು ಒಂದಿನ ಗ್ಲಾಸು ಹಿಡಕೊಂಡು ಬಂದಿದ್ದಳು.

ಐದು ಮದಿವಿ ಬಾಕಿ ಅವ.
ಹುಮನಾಬಾದಿನ ಮದುಮಗಳು ದಿನಕ್ಕೆರಡು ಸಲ ಫೋನು,
"ಅಕ್ಕಾ, ನಮ್ಮ ವಿಡಿಯೋ?"
ಆಕಿ ಅರಿಶಿಣದ ಕೈ ಕತ್ತರಿಸಿ ಅಂಟಿಸಬೇಕು,
ನನಗ ಕೇಳೋದು ಬರೇ ಗೊರಗೊರ.

ವೇಗ ನೂರರಿಂದ ಅರವತ್ತಕ್ಕ ಇಳಿಸಿದೆ.
ದನಿ ಇಳೀತು, ಬಿಸಿ ಏರ್ತು.
ಹಳೇ ಚಪ್ಪಲಿ ಕೊಯ್ದು ಪಂಪಿನ ಬುಡಕ್ಕ ಮೆತ್ತಗ ಹಾಸಿದೆ.
ಟೇಬಲ್ಲು ಸುಮ್ಮನಾಯ್ತು, ಪಂಪು ಆಗಲಿಲ್ಲ.
ಫ್ಯಾನಿನ ವೈರು ಒಂದೊಂದೇ ಕಿತ್ತು ಕಿವಿಗೊಟ್ಟೆ.
ತಪ್ಪು ಅವುಗಳದ್ದಲ್ಲ. ಮಾಫಿ ಕೇಳಿ ಮತ್ತ ಹಚ್ಚಿದೆ.
ಹೊಸ ಪಂಪಿಗಿ ಎಂಟು ಸಾವಿರ, ಬರಲಕ ಹತ್ತು ದಿನ.

ಆವತ್ತು ನೀರು ಬಿಡೋ ಝರೆಪ್ಪ ಕಾಕಾ
ಪಿಂಚಣಿ ಕಾಗದದ ಪ್ರಿಂಟಿಗಂತ ಮ್ಯಾಲ ಬಂದ.
ಆಳೆತ್ತರದ ವಾಲ್ವಿನ ಚಾವಿ ಬಾಗಲಿಗಿ ಆನಿಸಿ
"ಏನವಾ ಸುಗುಣಾ, ಏನಿದು ಗೊರಕಿ?" ಅಂದ.
ನನ್ನ ಸ್ಕ್ರೂಡ್ರೈವರ್ ತಗೊಂಡು
ತುದಿ ಪಂಪಿಗಿ, ಹಿಡಿಕಿ ಕಿವಿಗಿ ಇಟ್ಟು,
ಮಂದಿ ಮನಿ ಗುಟ್ಟು ಕೇಳವರಂಗ ಕಣ್ಣು ಮುಚ್ಚಿದ.

"ಗಾಳಿ ಹಿಡದದ."

ನಗು ಬಂತು ನನಗ. ನಿಂಬಿಹಣ್ಣು ಇಳಿಸಿ
ಚೌಬಾರದಾಗ ಒಗದು ಬರ್ಲೇನು ಕಾಕಾ?

"ಹುಚ್ಚಿ, ದೆವ್ವದ ಗಾಳಿ ಅಲ್ಲ, ಗಾಳೀನೇ ಗಾಳಿ.
ಐದು ದಿನಕ್ಕೊಮ್ಮೆ ನಾ ನೀರು ಬಿಟ್ಟಾಗ
ನಿಮ್ಮ ನಳ ಮೊದಲ ಕೆಮ್ಮತದಲ್ಲ, ಅದೇ ಇದು.
ನಳಕ್ಕ ಬಾಯದ, ಕೆಮ್ಮಿ ಬಿಡತದ.
ಇದರ ಬಾಯಿ ಎಲ್ಲಿಟ್ಟಿ ನೀ?
ನೌಬಾದದಾಗ ಸುರಂಗಬಾವಿ ತೋಡಿದವರು ಶಾಣ್ಯಾರು,
ನಡುನಡುವ ಬಾಯಿ ತೆರದು ಹೋಗ್ಯಾರ."

ನಾ ಡಬ್ಬಿ ಮುಚ್ಚಳ ಬಿಗದಿದ್ದೆ, ಸೋರಬಾರದಂತ,
ಮೂರು ಸುತ್ತು ಟೇಪು ಬ್ಯಾರೆ.

ಟೇಪು ಬಿಚ್ಚಿದೆ. ಪಂಪೊಂದಕ್ಕೇ ಕರೆಂಟು ಕೊಟ್ಟು
ಇಬ್ಬರೂ ಕೂಡಿ ಪೆಟ್ಟಿಗಿ ಎತ್ತಿ ವಾಲಿಸಿದಿವಿ,
ಮುಂದಕ್ಕ, ಹಿಂದಕ್ಕ, ಎಡಕ್ಕ,
ಹಾಲು ಕುಡದ ಕೂಸಿನ ಬೆನ್ನು ತಟ್ಟಿದಂಗ
ಕಾಕಾ ರೇಡಿಯೇಟರು ತಟ್ಟಿದ.
ಮೊದಲ ಸಜ್ಜಿ ಕಾಳಿನಂಥ ಗುಳ್ಳಿ,
ಆಮ್ಯಾಲ ತೊಗರಿ ಕಾಳಿನಂಥವು, ಸಾಲಾಗಿ,
ಕಡಿಗೊಂದು ಹುಣಸಿಬೀಜದಷ್ಟು ದಪ್ಪಂದು
ಕೆಂಪು ನೀರಾಗ ತೇಲಿ ಬಂದು ಒಡೀತು.
ಡಬ್ಬಿ ಒಂದು ಬೆರಳು ಖಾಲಿ. ಸಿರಿಂಜಿನಿಂದ ತುಂಬಿಸಿದೆ.

ಸಪ್ಪಳಿಲ್ಲ.
ಪಂಪು ಸತ್ತೇ ಹೋಯ್ತೇನೋ ಅಂತ ಬೆರಳಿಟ್ಟೆ.
ಇತ್ತು. ಕೋಳಿಮರಿ ಎದಿಯಂಗ ನಡಗ್ಲತ್ತಿತ್ತು.

ಆ ರಾತ್ರಿ ಹುಮನಾಬಾದಿನ ಮದಿವಿ ಹಚ್ಚಿದೆ.
ಬ್ಯಾಡಂತ ನಾ ತಗದಿಟ್ಟಿದ್ದ ಒಂದು ತುಣುಕು:
ಕ್ಯಾಮರಾ ಬರೇ ನೆಲ ತೋರಸ್ತದ, ಯಾರದೋ ಕಾಲು,
ಹಂದರದ ಹಿಂದಿಂದ ಒಂದು ಸಣ್ಣ ದನಿ,
"ಉಂಡೇನವ್ವಾ ನೀ? ಮುಂಜಾನಿಂದ ಏನೂ ತಿಂದಿಲ್ಲ."
ಮೂರು ದಿನ ಅದೇ ತುಣುಕು ನೋಡಿದ್ದೆ,
ಕೇಳಿದ್ದು ಈಗ.
ಮತ್ತ ಜೋಡಿಸಿದೆ. ನೆಲಾ ಕಂಡರ ಕಾಣಲಿ.

ಐದನೇ ದಿನ ನಳ ಕೆಮ್ಮಿತು. ಕೊಡ ಹಿಡಕೊಂಡು ಇಳದೆ.
ಓಣಿ ತುದಿಗಿ ಕಾಕಾ, ಚಾವಿ ತಿರುವಿಕೋತ,
"ಹೋಯ್ತೇನು ಗಾಳಿ?"
ಒಂದು ಉಳದದ ಕಾಕಾ, ಪೈಪಿನ ಮೂಲ್ಯಾಗ,
ಎಷ್ಟು ಅಲ್ಲಾಡಿಸಿದ್ರೂ ಬರವಲ್ದು.
"ಇರ್ಲಿ ಬಿಡು. ನಮ್ಮ ಟಾಕಿ ಲೈನಿನಾಗೂ ಒಂದದ,
ಮೂವತ್ತು ವರ್ಷ ಆಯ್ತು.
ನಾ ಅದಕ್ಕೊಂದು ಹೆಸರಿಟ್ಟೀನಿ."

ಏನು ಹೆಸರು ಅಂದೆ. ಹೇಳಲಿಲ್ಲ.
ಕೊಡ ತುಂಬಿ ಹೊರಗ ಚೆಲ್ಲಲತ್ತಿತ್ತು.