ಹೂಳು

ಮೂರು ಕೂಸು ಮಣ್ಣಾದ ಮೇಲೆ ಹುಟ್ಟಿದವರಿಗೆ
ಶುವಾನ್‌ಝು ಎಂದು ಹೆಸರಿಟ್ಟರಂತೆ.
ಕಟ್ಟಿ ನಿಲ್ಲಿಸು, ಎಂದರ್ಥ.
ನಮ್ಮ ಮಾವ. ನಿಂತರು, ಎಂಬತ್ತೊಂದರ ತನಕ.

ಇಲ್ಲಿ ನಿಲ್ಲದ್ದೇ ಹೆಚ್ಚು.
ಈ ಗುಡ್ಡಗಳೂ ಇಲ್ಲಿಯವಲ್ಲ.
ಎಲ್ಲೋ ಬಡಗಣ ಬಂಡೆಯ ಬಿರುಕಿನೊಳಗೆ
ನೀರು ಹೆಪ್ಪುಗಟ್ಟಿ, ಉಬ್ಬಿ, ಸೀಳಿ,
ಕಲ್ಲನ್ನು ಕಲ್ಲು ಬೀಸಿ
ಆಮೇಲೆ ಗಾಳಿ ಬೀಸಿ
ಹೊತ್ತು ತಂದು, ಕೈಸೋತು ಇಳಿಸಿದ ಹಿಟ್ಟು.
ಆ ಹಿಟ್ಟಿನಲ್ಲೇ ಗವಿ ಕೊರೆದು ಮನೆ ಎಂದೆವು,
ಬಾಗಿಲಿಟ್ಟೆವು, ಒಲೆ ಹೂಡಿದೆವು.

ಏಳನೇ ತಿಂಗಳಲ್ಲಿ ಮೋಡ ಒಡೆದರೆ
ಕೊರಕಲಿನಲ್ಲಿ ಹರಿಯುವುದು ನೀರಲ್ಲ, ಅಂಬಲಿ.
ನಾನು ಮದುವೆಯಾಗಿ ಬಂದಾಗ
ಅಂಗಳದಿಂದ ಎಲಚಿಮರಕ್ಕೆ ನಲವತ್ತು ಹೆಜ್ಜೆ,
ಮರದಾಚೆ ಇನ್ನೂ ಹತ್ತು, ಆಮೇಲೆ ಪ್ರಪಾತ.
ಈಗ ಮರದ ಅರ್ಧ ಬೇರು
ಗಾಳಿಯಲ್ಲಿ ಜೋಲುತ್ತದೆ.
ಹಣ್ಣು ಮಾತ್ರ ಬಿಡುತ್ತದೆ, ಕೊರಕಲಿನ ಕಡೆಗೇ.

ಹದಿನೆಂಟರ ಮಾವ, ಊರವರ ಜೊತೆ,
ಕೊರಕಲಿನ ಬಾಯಿಗೆ ಅಡ್ಡ ಕಟ್ಟೆ ಹಾಕಿದ್ದು
ನೀರಿಗಲ್ಲ, ಮಣ್ಣಿಗೆ.
ಸುಂಕದ ಕಟ್ಟೆ ಅದು:
ನೀನು ಹೋಗು, ಹೊತ್ತದ್ದು ಇಳಿಸಿ ಹೋಗು.
ವರ್ಷಕ್ಕೊಂದು ಪದರ ಕೂತು ಕೂತು
ಕಡಿದಾದ ಸಂದು ಚಾಪೆಯಷ್ಟು ಮಟ್ಟವಾಯಿತು.
ಅಲ್ಲಿ ಮುಸುಕಿನ ಜೋಳ ಆಳೆತ್ತರ.

ದಾಟಿಹೋದದ್ದು ಹಳದಿ ನದಿಗೆ, ಅಲ್ಲಿಂದ ಕಡಲಿಗೆ.
ಅಲ್ಲಿ ಹೊಸ ನೆಲ ಹುಟ್ಟುತ್ತಿದೆಯಂತೆ,
ಜೊಂಡು ಬೆಳೆದು ಕೊಕ್ಕರೆ ಕೂತಿದೆಯಂತೆ,
ಕಲ್ಲಿದ್ದಲು ಲಾರಿಯ ಹುಡುಗ ಹೇಳಿದ.
ಇರಲಿ ಬಿಡು, ಯಾರದೋ ಖಾತೆಗೆ ನಮ್ಮ ಗುಡ್ಡ.

ಬಾವಿಗೆಂದು ಆ ಹೊಲ ಅಗೆದ ವರ್ಷ
ಗುಂಡಿಯ ಗೋಡೆಯಲ್ಲಿ ಪದರ ಪದರ ಕಂಡೆ.
ಪ್ರತಿ ನೆರೆಯಲ್ಲೂ ದಪ್ಪ ಮರಳು ಕೆಳಗೆ,
ನಯದ ಜೇಡಿ ಮೇಲೆ.
ಭಾರದ್ದು ಬೇಗ ಕೂರುತ್ತದೆ,
ನಯದ್ದಕ್ಕೆ ಹೊತ್ತು ಬೇಕು.
ಉಗುರಿನಷ್ಟು ತೆಳು ಪದರ, ಮಗಳು ಹುಟ್ಟಿದ ಬರಗಾಲ.
ಮೊಳಕೈಯಷ್ಟು ದಪ್ಪದ್ದು ಯಾವುದೆಂದು
ಯಾರೂ ಕೇಳಲಿಲ್ಲ.

ಅದರಡಿಯಲ್ಲಿ ಸಿಕ್ಕಿತು, ತಗಡಿನದೊಂದು ಪುಟ್ಟ ಬೀಗ.
ಸಾವು ಒಯ್ಯದಿರಲೆಂದು
ಕೂಸಿನ ಕೊರಳಿಗೆ ಹಾಕುತ್ತಾರಲ್ಲ, ಅದು.
ಮಾವ ಅಂಗಿಯ ಚುಂಗಿನಲ್ಲಿ ಒರೆಸಿದರು.
ತಮ್ಮ ಕೊರಳೊಮ್ಮೆ ಮುಟ್ಟಿಕೊಂಡರು.
ಗುರುತಿಲ್ಲದ ಮೂರು ಗುಣಿ ಇದ್ದದ್ದು
ಮೇಲಿನ ಇಳಿಜಾರಿನಲ್ಲಿ.
ಇಳಿಜಾರು ಈಗಿಲ್ಲ.
'ಅಣ್ಣನೋ, ಅಕ್ಕನೋ' ಅಂದರು.
ಮತ್ತೆ ಸುಮಾರು ಹೊತ್ತಿನ ಮೇಲೆ,
'ಜೋಳ ಚೆನ್ನಾಗಿ ಬರ್ತಿತ್ತು.'
ಬೀಗವನ್ನು ಅಲ್ಲೇ ಮುಚ್ಚಿಸಿ
ಬಾವಿಯನ್ನು ಹತ್ತು ಮಾರು ಆಚೆ ತೋಡಿಸಿದರು.

ಕಳೆದ ಚಳಿಯಲ್ಲಿ ಅವರೂ ಹೋದರು.
ಕಟ್ಟೆಯ ಮೇಲ್ಗಡೆಗೇ ಹೂಳಿ, ಎಂದಿದ್ದರು;
ಹಾಗೇ ಮಾಡಿದೆವು.
ಅವಸರವೇನಿಲ್ಲ, ನಿಧಾನಕ್ಕೆ ಇಳಿದು ಬರಲಿ.

ನಿನ್ನೆ ರಾತ್ರಿಯೆಲ್ಲ ಮಳೆ.
ಬೆಳಿಗ್ಗೆ ಸಲಿಕೆ ಹಿಡಿದು ಹೋದೆ.
ಕಟ್ಟೆಯ ಬಲಮೂಲೆಯಲ್ಲಿ
ಹೆಬ್ಬೆರಳ ಗಾತ್ರದ ಇಲಿಬಿಲ.
ತುಳಿದು ತುಳಿದು ಮುಚ್ಚಿದೆ.